ಹೊಟ್ಟೆಪಾಡಿನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಜೊತೆಗೆ ಲಿನಕ್ಸ್ ಹಾಕಬಹುದೇ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಸಣ್ಣ ಅಂಗಡಿಗಳ ಲೆಕ್ಕಪತ್ರ ಬರೆದು, ತಿಂಗಳು ತಿಂಗಳು ಜಿಎಸ್‌ಟಿ ವಿವರ ಸಲ್ಲಿಸುವ ಕೆಲಸ ಮಾಡುತ್ತೇನೆ. ಟ್ಯಾಲಿಯ ಲೆಕ್ಕಗಳು, ಹತ್ತು ವರ್ಷಗಳಿಂದ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿಟ್ಟ ಪತ್ರಗಳು, ಡಿಜಿಟಲ್ ಸಹಿಯ ಟೋಕನ್ ಬಳಸುವ ವ್ಯವಸ್ಥೆ ಎಲ್ಲವೂ ಒಂದೇ ಲ್ಯಾಪ್‌ಟಾಪ್‌ನಲ್ಲಿವೆ. ವಿಂಡೋಸ್ 11 ಹೋಮ್, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಮಗಳು ಈ ವರ್ಷ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಸೇರಿದ್ದಾಳೆ. ಮನೆಯಲ್ಲಿ ಲಿನಕ್ಸ್ ಅಭ್ಯಾಸ ಮಾಡಬೇಕೆಂದು ಹೇಳುತ್ತಾಳೆ. ಇನ್ನೊಂದು ಲ್ಯಾಪ್‌ಟಾಪ್ ಕೊಳ್ಳುವ ಸ್ಥಿತಿ ಈಗ ಇಲ್ಲ. ಎಲ್ಲವನ್ನೂ ಫಾರ್ಮ್ಯಾಟ್ ಮಾಡಲೇಬೇಕು ಎಂದು ಒಬ್ಬರು, ಎರಡನ್ನು ಹಾಕಿದರೆ ರ‍್ಯಾಮ್ ಹಂಚಿಹೋಗಿ ನಿಧಾನವಾಗುತ್ತದೆ, ವಾರಂಟಿಯೂ ಹೋಗುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಪರಿಚಯದವರ ಲ್ಯಾಪ್‌ಟಾಪ್ ಲಿನಕ್ಸ್ ಹಾಕಿದ ಮರುದಿನ ನೀಲಿ ಪರದೆಯಲ್ಲಿ 48 ಅಂಕಿಗಳ ಸಂಖ್ಯೆ ಕೇಳಿತು. ಅವರಿಗೆ ಕಡತಗಳು ಮತ್ತೆ ಸಿಗಲೇ ಇಲ್ಲ. ನಾನು ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದೆ. 290 ಜಿಬಿ ಖಾಲಿ ಇದ್ದರೂ 38 ಜಿಬಿ ಮಾತ್ರ ಬಿಡಿಸಬಹುದು ಎಂದು ತೋರಿಸುತ್ತಿದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಒಂದೇ ಡಿಸ್ಕಿನಲ್ಲಿ ಎರಡು ಕಾರ್ಯಾಚರಣೆ ವ್ಯವಸ್ಥೆಗಳು ಇರಬಲ್ಲವೇ ಎಂಬುದು ಮೊದಲನೆಯದು. ಇರಬಲ್ಲವು, ಅದರಲ್ಲಿ ಸಂಶಯವಿಲ್ಲ. ನಂಬಿ ಕೊಟ್ಟವರ ಲೆಕ್ಕಗಳು ಈ ಪ್ರಯೋಗದಲ್ಲಿ ಕಳೆದುಹೋದರೆ ಏನು ಗತಿ ಎಂಬುದು ಎರಡನೆಯದು, ಮತ್ತು ಉತ್ತರ ಉದ್ದವಾಗಬೇಕಾದದ್ದು ಅದಕ್ಕೇ. ಇಂಥ ಜೋಡಣೆಗಳನ್ನು ಮಾಡಿಕೊಡುವುದೂ ಕೆಟ್ಟವನ್ನು ಸರಿಪಡಿಸುವುದೂ ನನ್ನ ವೃತ್ತಿ. ಕಡತ ಕಳೆದುಕೊಂಡು ನನ್ನಲ್ಲಿಗೆ ಬಂದವರ ಪೈಕಿ ಲಿನಕ್ಸಿನ ದೋಷದಿಂದ ಕಳೆದುಕೊಂಡವರು ಬಹಳ ಕಡಿಮೆ. ಪೆನ್‌ಡ್ರೈವ್ ಚುಚ್ಚುವ ಮುನ್ನ ತಮ್ಮ ವಿಂಡೋಸ್ ಯಾವ ಸ್ಥಿತಿಯಲ್ಲಿದೆ ಎಂದು ನೋಡಿಕೊಳ್ಳದೆ ಕಳೆದುಕೊಂಡವರೇ ಹೆಚ್ಚು. ಆದ್ದರಿಂದ ನೀವು ಮಾಡಬೇಕಾದ ಕೆಲಸದ ಮುಕ್ಕಾಲು ಪಾಲು ವಿಂಡೋಸಿನ ಒಳಗೇ ಇದೆ.

ಕೇಳಿಬಂದ ಮಾತುಗಳಲ್ಲಿ ಸುಳ್ಳನ್ನು ಮೊದಲು ಬೇರ್ಪಡಿಸೋಣ. ರ‍್ಯಾಮ್ ಹಂಚಿಹೋಗುವುದಿಲ್ಲ. ಯಂತ್ರ ಚಾಲೂ ಆಗುವಾಗ ನೀವು ಎರಡರಲ್ಲಿ ಒಂದನ್ನು ಆರಿಸುತ್ತೀರಿ. ಆರಿಸಿದ್ದಕ್ಕೆ 8 ಜಿಬಿಯೂ ಸಿಗುತ್ತದೆ, ಇನ್ನೊಂದು ಡಿಸ್ಕಿನ ಮೇಲೆ ಸುಮ್ಮನೆ ಮಲಗಿರುತ್ತದೆ. ಹಂಚಿಕೆಯಾಗುವುದು ಡಿಸ್ಕಿನ ಜಾಗ ಮಾತ್ರ. ವಿಂಡೋಸಿನ ಪರವಾನಗಿಗೂ ತೊಂದರೆಯಿಲ್ಲ, ಏಕೆಂದರೆ ಅದು ಯಂತ್ರಾಂಶಕ್ಕೆ ಅಂಟಿಕೊಂಡಿರುತ್ತದೆಯೇ ಹೊರತು ಪಾರ್ಟಿಷನ್‌ಗಳ (ಡಿಸ್ಕನ್ನು ಪಾಲು ಮಾಡಿದ ಭಾಗಗಳ) ಗಾತ್ರಕ್ಕಲ್ಲ. ವಾರಂಟಿ ಸಾಮಾನ್ಯವಾಗಿ ಯಂತ್ರಾಂಶದ ದೋಷಕ್ಕೆ ಕೊಟ್ಟದ್ದು. ಆದರೂ ನಿಮ್ಮ ವಾರಂಟಿ ಪತ್ರವನ್ನು ಒಮ್ಮೆ ಓದಿ. ರಿಪೇರಿಗೆ ಕೊಟ್ಟಾಗ ಡಿಸ್ಕನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸಿಬಿಡುವ ಸಂಭವ ಲಿನಕ್ಸ್ ಇರಲಿ ಬಿಡಲಿ ಇದ್ದೇ ಇರುತ್ತದೆ.

ಎಲ್ಲವನ್ನೂ ಫಾರ್ಮ್ಯಾಟ್ ಮಾಡಲೇಬೇಕು ಎಂಬ ಮಾತು ಹಳೆಯ ಕಾಲದ ಅನುಭವದಿಂದ ಬಂದದ್ದು. ಆಗಿನ ಯಂತ್ರಗಳಲ್ಲಿ ಡಿಸ್ಕನ್ನು ಪಾಲು ಮಾಡಲು ಎಂಬಿಆರ್ ಎಂಬ ವ್ಯವಸ್ಥೆ ಇತ್ತು. ನಾಲ್ಕಕ್ಕಿಂತ ಹೆಚ್ಚು ಮುಖ್ಯ ಪಾರ್ಟಿಷನ್‌ಗಳನ್ನು ಅದು ಒಪ್ಪುತ್ತಿರಲಿಲ್ಲ, ಆ ನಾಲ್ಕನ್ನೂ ತಯಾರಕರೇ ಬಳಸಿಬಿಟ್ಟಿರುತ್ತಿದ್ದರು. ಬೂಟ್ ಮಾಡಿಸುವ, ಅಂದರೆ ಯಂತ್ರವನ್ನು ಎಬ್ಬಿಸುವ, ತುಣುಕು ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ ಕೂರಬೇಕಿತ್ತು. ಅಲ್ಲಿ ಒಬ್ಬರಿಗೆ ಮಾತ್ರ ಜಾಗ. ಹಾಗಾಗಿ ಲಿನಕ್ಸ್ ಬಂದರೆ ವಿಂಡೋಸಿನ ತುಣುಕು ಅಳಿಯುತ್ತಿತ್ತು, ವಿಂಡೋಸನ್ನು ಮತ್ತೆ ಹಾಕಿದರೆ ಲಿನಕ್ಸಿನದು ಅಳಿಯುತ್ತಿತ್ತು. ವಿಂಡೋಸ್ 11 ತುಂಬಿಕೊಂಡು ಬಂದ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಯಂತ್ರವನ್ನು ಎಬ್ಬಿಸಲು ಯುಇಎಫ್‌ಐ, ಡಿಸ್ಕನ್ನು ಪಾಲು ಮಾಡಲು ಜಿಪಿಟಿ ಎಂಬ ಹೊಸ ವ್ಯವಸ್ಥೆಗಳಿವೆ. ಇಲ್ಲಿ ಇಎಫ್‌ಐ ಎಂಬ ಚಿಕ್ಕ ಪಾರ್ಟಿಷನ್ ಇದ್ದು, ಒಂದೊಂದು ವ್ಯವಸ್ಥೆಯೂ ಅದರೊಳಗೆ ತನ್ನದೇ ಫೋಲ್ಡರ್ ಇಟ್ಟುಕೊಳ್ಳುತ್ತದೆ; ಯಾವುದನ್ನು ಮೊದಲು ಎಬ್ಬಿಸಬೇಕೆಂಬ ಪಟ್ಟಿ ಮದರ್‌ಬೋರ್ಡಿನಲ್ಲಿರುತ್ತದೆ. ವಿಂಡೋಸಿನ ದೊಡ್ಡ ಅಪ್‌ಡೇಟ್ ಒಂದರ ನಂತರ ಆ ಪಟ್ಟಿಯ ಕ್ರಮ ಬದಲಾಗಿ ಲಿನಕ್ಸ್ ಕಾಣೆಯಾದಂತೆ ಅನಿಸಬಹುದು. ಬಯಾಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್‌ಗಳ ಪರದೆಗೆ) ಹೋಗಿ ಕ್ರಮ ಸರಿಪಡಿಸಿದರೆ ಮರಳಿ ಬರುತ್ತದೆ.

ಇನ್ನು 48 ಅಂಕಿಗಳ ವಿಷಯ. ಇದು ಕಟ್ಟುಕಥೆಯಲ್ಲ, ನಿಮ್ಮ ಪತ್ರದಲ್ಲಿರುವ ನಿಜವಾದ ಅಪಾಯಗಳಲ್ಲಿ ದೊಡ್ಡದು ಇದೇ. ವಿಂಡೋಸ್ 11 ಹೋಮ್‌ನಲ್ಲಿ 'ಡಿವೈಸ್ ಎನ್‌ಕ್ರಿಪ್ಷನ್' ಎಂಬ ಹೆಸರಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಕೆಲಸ ಮಾಡುತ್ತಿರಬಹುದು, ಅದನ್ನು ನೀವು ಆನ್ ಮಾಡಿದ ನೆನಪು ಇಲ್ಲದಿದ್ದರೂ ಸಹ. 2024ರ ಅಕ್ಟೋಬರ್‌ನಲ್ಲಿ ಬಂದ 24ಎಚ್2 ಆವೃತ್ತಿಯಿಂದ ಈಚೆಗೆ, ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಸ್ಥಾಪಿಸಿದ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ ತಾನಾಗಿಯೇ ಜಾರಿಯಾಗುತ್ತದೆ. ಡಿಸ್ಕಿನಲ್ಲಿರುವುದೆಲ್ಲ ಗೂಢಲಿಪಿಯಾಗಿರುತ್ತದೆ, ಅದನ್ನು ಬಿಡಿಸುವ ಕೀಲಿ ಟಿಪಿಎಂ ಎಂಬ ಭದ್ರತಾ ಚಿಪ್‌ನ ವಶದಲ್ಲಿರುತ್ತದೆ. ಯಂತ್ರ ಏಳುವಾಗ ಯಾವ ತಂತ್ರಾಂಶ ಮೊದಲು ಓಡಿತು, ಅದರ ಮೇಲೆ ಯಾರ ಸಹಿ ಇತ್ತು ಎಂಬುದನ್ನೆಲ್ಲ ಆ ಚಿಪ್ ಅಳೆದಿಟ್ಟುಕೊಳ್ಳುತ್ತದೆ. ಅಳತೆ ಎಂದಿನಂತೆ ಇದ್ದರೆ ಕೀಲಿ ಕೊಡುತ್ತದೆ. ಲಿನಕ್ಸ್ ಬಂದ ಮೇಲೆ ಗ್ರಬ್ ಎಂಬ ಅದರ ಬೂಟ್ ಮೆನುವಿನ ಮೂಲಕ ವಿಂಡೋಸಿಗೆ ಹೋದರೆ ಅಳತೆ ಬದಲಾಗುತ್ತದೆ. ಚಿಪ್‌ನ ಕಣ್ಣಿಗೆ ಇದು ಕಳ್ಳನೊಬ್ಬ ಬೇರೆ ಬಾಗಿಲಿನಿಂದ ಬಂದಂತೆಯೇ. ಆಗ ಅದು ಕೀಲಿ ಕೊಡಲು ನಿರಾಕರಿಸುತ್ತದೆ, ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ನಿಮ್ಮ ಪರಿಚಯದವರ ಕಡತಗಳು ಆ ಕ್ಷಣದಲ್ಲಿ ಅಳಿದಿರಲಿಲ್ಲ, ಬೀಗದೊಳಗೆ ಸುರಕ್ಷಿತವಾಗಿಯೇ ಇದ್ದವು. ಆದರೆ ಆ ಸಂಖ್ಯೆ ಇಲ್ಲದೆ ಅವನ್ನು ನಾನಾಗಲಿ, ಲ್ಯಾಪ್‌ಟಾಪ್ ಮಾಡಿದವರಾಗಲಿ, ಮೈಕ್ರೋಸಾಫ್ಟ್ ಆಗಲಿ ತೆರೆಯಲಾರರು.

ಕೀ ಎಲ್ಲಿರುತ್ತದೆ? ಲ್ಯಾಪ್‌ಟಾಪ್ ಮೊದಲ ಬಾರಿ ಚಾಲೂ ಮಾಡಿದಾಗ ಯಾವ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೋ ಆ ಖಾತೆಯಲ್ಲಿ. ನಮ್ಮ ಊರುಗಳಲ್ಲಿ ತೊಡಕಾಗುವುದು ಇಲ್ಲಿಯೇ. ಯಂತ್ರ ಕೊಂಡ ದಿನ ಅಂಗಡಿಯ ಹುಡುಗನೋ ಸೋದರಳಿಯನೋ ತನ್ನ ಇಮೇಲ್ ಹಾಕಿ ಶುರುಮಾಡಿಕೊಟ್ಟಿರುತ್ತಾನೆ. ಕೀ ಅವನ ಖಾತೆಯಲ್ಲಿ ಕೂತಿರುತ್ತದೆ, ಎರಡು ವರ್ಷದ ನಂತರ ಆ ಇಮೇಲ್ ಯಾವುದೆಂದು ಯಾರಿಗೂ ನೆನಪಿರುವುದಿಲ್ಲ. ಇವತ್ತೇ ಸೆಟ್ಟಿಂಗ್ಸ್ ತೆರೆದು 'ಪ್ರೈವೆಸಿ ಅಂಡ್ ಸೆಕ್ಯುರಿಟಿ' ಎಂಬಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯೇ ನೋಡಿ. ಇದ್ದರೆ, ನಿಮ್ಮ ಖಾತೆಯ ಜಾಲತಾಣಕ್ಕೆ ಹೋಗಿ ಈ ಲ್ಯಾಪ್‌ಟಾಪ್‌ನ ರಿಕವರಿ ಕೀ ಹುಡುಕಿ, ಆರಾರು ಅಂಕಿಗಳ ಎಂಟು ಗುಂಪುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಕೀಯ ಜೊತೆಗಿರುವ ಗುರುತಿನ ಸಂಖ್ಯೆಯನ್ನೂ ಬರೆಯಿರಿ. ಒಂದೇ ಖಾತೆಯಲ್ಲಿ ಎರಡು ಮೂರು ಯಂತ್ರಗಳ ಕೀಗಳಿದ್ದಾಗ ಯಾವುದು ಯಾವುದರದ್ದು ಎಂದು ತಿಳಿಯುವುದು ಅದರಿಂದಲೇ. ಆ ಕಾಗದವನ್ನು ಲ್ಯಾಪ್‌ಟಾಪ್ ಚೀಲದಲ್ಲಿ ಇಡಬೇಡಿ. ಮನೆಯ ಕಾಗದಪತ್ರಗಳಿರುವ ಬೀರುವಿನಲ್ಲಿಡಿ. ಕೀ ಸಿಗದಿದ್ದರೆ ಮುಂದುವರಿಯಬೇಡಿ. ವಿಂಡೋಸ್ ಸರಿಯಾಗಿ ತೆರೆದುಕೊಳ್ಳುತ್ತಿರುವಾಗಲೇ ಎನ್‌ಕ್ರಿಪ್ಷನ್ ಆಫ್ ಮಾಡಿ, ಡಿಸ್ಕ್ ಪೂರ್ತಿ ಬಿಡಿಸಿಕೊಳ್ಳುವವರೆಗೆ ಚಾರ್ಜರ್ ಹಾಕಿ ಕಾಯಿರಿ. ಅದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು.

ಕೀ ಸಿಕ್ಕಿದರೂ ಎನ್‌ಕ್ರಿಪ್ಷನ್ ತೆಗೆದುಬಿಡಲೇ ಎಂದು ನೀವು ಕೇಳಬಹುದು. ತೆಗೆದರೆ ಲಿನಕ್ಸ್ ಸ್ಥಾಪನೆ ಸುಲಭವಾಗುತ್ತದೆ, ನೀಲಿ ಪರದೆಯ ಕಾಟ ಇರುವುದಿಲ್ಲ. ಆದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಹಲವರ ಪ್ಯಾನ್ ಸಂಖ್ಯೆ, ಬ್ಯಾಂಕ್ ವಿವರಗಳಿವೆ. ಬಸ್ಸಿನಲ್ಲಿ ಲ್ಯಾಪ್‌ಟಾಪ್ ಕಳುವಾದರೆ ಅವೆಲ್ಲ ಸಿಕ್ಕವರ ಪಾಲು. ನಿಮ್ಮ ಜಾಗದಲ್ಲಿ ನಾನಿದ್ದರೆ ಎನ್‌ಕ್ರಿಪ್ಷನ್ ಉಳಿಸಿಕೊಳ್ಳುತ್ತಿದ್ದೆ, ಮತ್ತು ವಿಂಡೋಸಿಗೆ ಹೋಗಲು ಗ್ರಬ್ ಮೆನು ಬಳಸದೆ, ಯಂತ್ರ ಚಾಲೂ ಆಗುವಾಗ ಎಫ್12 ಅಥವಾ ಎಫ್9ರಂಥ ಕೀ ಒತ್ತಿದರೆ ಬರುವ ಮದರ್‌ಬೋರ್ಡಿನ ಬೂಟ್ ಪಟ್ಟಿಯಿಂದಲೇ 'ವಿಂಡೋಸ್ ಬೂಟ್ ಮ್ಯಾನೇಜರ್' ಆರಿಸುತ್ತಿದ್ದೆ. ಹಾಗೆ ನೇರವಾಗಿ ಹೋದಾಗ ಅಳತೆ ಬದಲಾಗುವುದಿಲ್ಲ. ಇನ್ನೂ ಸುಲಭದ ದಾರಿಯೆಂದರೆ ಪಟ್ಟಿಯಲ್ಲಿ ವಿಂಡೋಸನ್ನೇ ಮೊದಲನೆಯದಾಗಿ ಇಟ್ಟು, ಲಿನಕ್ಸ್ ಬೇಕಾದಾಗ ಮಾತ್ರ ಮಗಳು ಆ ಕೀ ಒತ್ತುವುದು. ಬೆಳಿಗ್ಗೆ ಆತುರದಲ್ಲಿ ಲ್ಯಾಪ್‌ಟಾಪ್ ತೆರೆಯುವ ನಿಮಗೆ ಆಗ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ.

ಎರಡನೆಯ ಅಪಾಯ ಸದ್ದಿಲ್ಲದ್ದು. ವಿಂಡೋಸ್ 8ರ ಕಾಲದಿಂದ 'ಫಾಸ್ಟ್ ಸ್ಟಾರ್ಟಪ್' ಎಂಬ ಸೌಲಭ್ಯವಿದೆ. ಅದು ಆನ್ ಇರುವಾಗ ಶಟ್‌ಡೌನ್ ಒತ್ತಿದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತನ್ನ ಒಳಭಾಗದ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಡ್ರೈವ್‌ಗಳನ್ನು ತೆರೆದ ಪುಸ್ತಕದಂತೆ ಬಿಟ್ಟು ಅರೆನಿದ್ದೆಗೆ ಹೋಗುತ್ತದೆ. ಆ ಹೊತ್ತಿನಲ್ಲಿ ಲಿನಕ್ಸಿನಿಂದ ಅದೇ ಡ್ರೈವ್‌ಗೆ ಏನಾದರೂ ಬರೆದರೆ, ಎದ್ದ ವಿಂಡೋಸ್ ತನ್ನ ಹಳೆಯ ನೆನಪನ್ನೇ ನಂಬಿ ಅದರ ಮೇಲೆ ಬರೆಯಬಹುದು, ಕಡತ ವ್ಯವಸ್ಥೆ ಹಾಳಾಗಬಹುದು. ಲಿನಕ್ಸ್ ಇದನ್ನು ಗುರುತಿಸಿ ಸಾಮಾನ್ಯವಾಗಿ ಬರೆಯಲು ಒಪ್ಪುವುದಿಲ್ಲ. ಆಗ ಗೊತ್ತಿಲ್ಲದವರು ಎಲ್ಲೋ ಓದಿದ ಆದೇಶದಿಂದ ಒತ್ತಾಯಿಸಿ ತೆರೆಯುತ್ತಾರೆ, ನಷ್ಟವಾಗುವುದು ಆ ಒತ್ತಾಯದಿಂದ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಗುರುತು ತೆಗೆಯಿರಿ. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಇದರಿಂದ ಆಗುವ ತಡ ಕೆಲವೇ ಸೆಕೆಂಡು. ಅಂದಹಾಗೆ ಶಟ್‌ಡೌನ್‌ಗಿಂತ ರೀಸ್ಟಾರ್ಟ್ ಹೆಚ್ಚು ಪೂರ್ಣವಾದದ್ದು. ಈ ಸೌಲಭ್ಯ ಆನ್ ಇದ್ದರೂ ರೀಸ್ಟಾರ್ಟ್ ಮಾಡಿದಾಗ ವಿಂಡೋಸ್ ಪೂರ್ತಿ ಮುಚ್ಚಿ ತೆರೆಯುತ್ತದೆ.

ನಿಮ್ಮ 38 ಜಿಬಿಯ ಒಗಟಿಗೂ ಇದಕ್ಕೂ ಸಂಬಂಧವಿದೆ. ಸಿ ಡ್ರೈವನ್ನು ಕುಗ್ಗಿಸುವಾಗ ವಿಂಡೋಸ್ ಕೊನೆಯ ಭಾಗದಿಂದ ಜಾಗ ಬಿಡಿಸುತ್ತದೆ. ಡ್ರೈವಿನ ನಡುವೆಯೋ ಕೊನೆಯಲ್ಲೋ ಕದಲಿಸಲಾಗದ ಕಡತ ಒಂದಿದ್ದರೆ, ಅದರ ಹಿಂದೆ ಎಷ್ಟು ಖಾಲಿ ಇದ್ದರೂ ಅಲ್ಲಿಗೇ ನಿಲ್ಲುತ್ತದೆ. ಸಂತೆಗೆ ಹೊರಟ ಬಸ್ಸಿನಲ್ಲಿ ಮುಂದೆಲ್ಲ ಸೀಟು ಖಾಲಿಯಿದ್ದರೂ ಹಿಂಬಾಗಿಲಲ್ಲಿ ಒಬ್ಬರು ಮೂಟೆ ಇಟ್ಟು ನಿಂತುಬಿಟ್ಟಂತೆ. ಹೈಬರ್ನೇಷನ್ ಕಡತ (ಮೇಲೆ ಹೇಳಿದ ಅರೆನಿದ್ದೆಯ ಸ್ಥಿತಿ ಬರೆದಿಡುವ ಕಡತ), ಪೇಜ್ ಫೈಲ್ (ರ‍್ಯಾಮ್ ಸಾಲದಾಗ ಬಳಸುವ ಕಡತ), ಸಿಸ್ಟಂ ರಿಸ್ಟೋರ್ ಇಟ್ಟುಕೊಂಡ ಪ್ರತಿಗಳು ಇಂಥ ಮೂಟೆಗಳು. ಟ್ಯಾಲಿ ಮುಂತಾದುವನ್ನೆಲ್ಲ ಮುಚ್ಚಿ, ಹೈಬರ್ನೇಷನ್, ಸಿ ಡ್ರೈವಿನ ಪೇಜ್ ಫೈಲ್ ಮತ್ತು ಸಿಸ್ಟಂ ಪ್ರೊಟೆಕ್ಷನ್ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ ರೀಸ್ಟಾರ್ಟ್ ಮಾಡಿದರೆ ಬಹಳಷ್ಟು ಯಂತ್ರಗಳಲ್ಲಿ ನೂರು ಜಿಬಿಗಿಂತ ಹೆಚ್ಚು ಬಿಡುಗಡೆಯಾಗುತ್ತದೆ. ಸಿಸ್ಟಂ ಪ್ರೊಟೆಕ್ಷನ್ ಆಫ್ ಮಾಡಿದಾಗ ಹಳೆಯ ರಿಸ್ಟೋರ್ ಪಾಯಿಂಟ್‌ಗಳು ಅಳಿಯುತ್ತವೆ ಎಂಬುದು ತಿಳಿದಿರಲಿ. ಕುಗ್ಗಿಸಿದ ಮೇಲೆ ಪೇಜ್ ಫೈಲ್ ಮತ್ತು ಪ್ರೊಟೆಕ್ಷನ್ ಎರಡನ್ನೂ ಮರೆಯದೆ ಮತ್ತೆ ಆನ್ ಮಾಡಿ. 8 ಜಿಬಿ ರ‍್ಯಾಮ್‌ನ ಯಂತ್ರ ಪೇಜ್ ಫೈಲ್ ಇಲ್ಲದೆ ಹೆಚ್ಚು ದಿನ ನೆಮ್ಮದಿಯಾಗಿ ಓಡುವುದಿಲ್ಲ. ಹೈಬರ್ನೇಷನ್ ಮಾತ್ರ ಆಫ್ ಆಗಿಯೇ ಇರಲಿ.

ಇಷ್ಟಾದ ಮೇಲೆ, ನಿಮಗೆ ಡ್ಯುಯಲ್ ಬೂಟ್, ಅಂದರೆ ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆ, ಇಂದೇ ಬೇಕೇ ಎಂದು ನಾನು ನಿಮ್ಮನ್ನು ಕೇಳಬೇಕು. ಮೊದಲ ವರ್ಷದ ವಿದ್ಯಾರ್ಥಿಗೆ ಲಿನಕ್ಸ್ ಎಂದರೆ ಹೆಚ್ಚಾಗಿ ಟರ್ಮಿನಲ್ (ಆದೇಶಗಳನ್ನು ಟೈಪು ಮಾಡುವ ಕಿಟಕಿ), ಸಿ ಕಂಪೈಲರ್, ಶೆಲ್ ಆದೇಶಗಳು ಮತ್ತು ಪೈಥಾನ್. ಇಷ್ಟಕ್ಕೆ ವಿಂಡೋಸಿನ ಒಳಗೇ ಉಬುಂಟು ಓಡಿಸುವ ಡಬ್ಲ್ಯುಎಸ್‌ಎಲ್ ಸಾಕು. ಅದು ವಿಂಡೋಸ್ 11 ಹೋಮ್‌ನಲ್ಲೂ ಕೆಲಸ ಮಾಡುತ್ತದೆ, ಪಾರ್ಟಿಷನ್ ಮುಟ್ಟುವುದಿಲ್ಲ, ಬೇಡವಾದಾಗ ತೆಗೆದುಹಾಕಬಹುದು. ಲಿನಕ್ಸಿನ ಡೆಸ್ಕ್‌ಟಾಪ್ ಹೇಗಿದೆ ಎಂದು ನೋಡುವ ಆಸೆಗೆ ಪೆನ್‌ಡ್ರೈವ್‌ನಿಂದಲೇ ಓಡಿಸುವ 'ಟ್ರೈ' ಆಯ್ಕೆಯಿದೆ. ಅದು ತಾನಾಗಿ ಡಿಸ್ಕಿಗೆ ಏನನ್ನೂ ಬರೆಯುವುದಿಲ್ಲ, ವೈಫೈ ಮತ್ತು ಟಚ್‌ಪ್ಯಾಡ್ ಸರಿಯಾಗಿ ಕೆಲಸ ಮಾಡುತ್ತವೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ. ಆದರೆ ಬಿಟ್‌ಲಾಕರ್ ಇರುವಾಗ ಹಾಗೆ ನೋಡುವುದಕ್ಕೂ ಮುನ್ನ ಕೀ ಬರೆದುಕೊಂಡಿರಬೇಕು. ಬಯಾಸ್‌ನಲ್ಲಿ ಮಾಡುವ ಸಣ್ಣ ಬದಲಾವಣೆಗೂ ಅದು ಕೀ ಕೇಳಬಹುದು. ಪೂರ್ಣ ಲಿನಕ್ಸ್ ಡೆಸ್ಕ್‌ಟಾಪನ್ನೇ ವಿಂಡೋಸಿನೊಳಗೆ ಓಡಿಸುವ ವರ್ಚುವಲ್ ಯಂತ್ರವನ್ನು ಮಾತ್ರ ನಿಮಗೆ ಸೂಚಿಸಲಾರೆ. ಅಲ್ಲಿ ಎರಡೂ ವ್ಯವಸ್ಥೆಗಳು ಏಕಕಾಲಕ್ಕೆ ಓಡಬೇಕಾದ್ದರಿಂದ 8 ಜಿಬಿ ನಿಜಕ್ಕೂ ಹಂಚಿಹೋಗುತ್ತದೆ. ನಿಮಗೆ ಹೇಳಿದ ಆ ರ‍್ಯಾಮ್ ಮಾತು ಸಲ್ಲುವುದು ಇದಕ್ಕೆ.

ಮುಂದೆ ಅವಳಿಗೆ ಪೂರ್ಣ ಲಿನಕ್ಸ್ ಬೇಕೇಬೇಕಾದಾಗ ನಿಮ್ಮಂಥವರಿಗೆ ನಾನು ಮೊದಲು ಸೂಚಿಸುವುದು ಎರಡನೆಯ ಡಿಸ್ಕ್. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಎಸ್‌ಎಸ್‌ಡಿಗೆ ಖಾಲಿ ಜಾಗವಿರುತ್ತದೆ. ಮಾದರಿ ಸಂಖ್ಯೆ ಹಿಡಿದು ತಯಾರಕರ ಕೈಪಿಡಿಯಲ್ಲಿ ನೋಡಿ. ಸ್ಥಾಪನೆಯ ಹೊತ್ತಿನಲ್ಲಿ ವಿಂಡೋಸಿನ ಡಿಸ್ಕನ್ನು ಬಿಚ್ಚಿಟ್ಟರೆ ಅದಕ್ಕೆ ಅಪಾಯವಾಗುವ ದಾರಿಯೇ ಇರುವುದಿಲ್ಲ. ಯುಎಸ್‌ಬಿಯಿಂದ ಜೋಡಿಸುವ ಹೊರಗಿನ ಎಸ್‌ಎಸ್‌ಡಿಯೂ ಆಗುತ್ತದೆ, ಆದರೆ ಕೆಲವು ಇನ್‌ಸ್ಟಾಲರ್‌ಗಳು (ಸ್ಥಾಪಿಸುವ ತಂತ್ರಾಂಶಗಳು) ಲಿನಕ್ಸನ್ನು ಹೊರಗಿನ ಡಿಸ್ಕಿಗೆ ಹಾಕಿದರೂ ಬೂಟ್ ತುಣುಕನ್ನು ಒಳಗಿನ ಡಿಸ್ಕಿನ ಇಎಫ್‌ಐ ಪಾರ್ಟಿಷನ್‌ಗೆ ಬರೆಯುತ್ತವೆ. ಹೊರಗಿನ ಡಿಸ್ಕ್ ತೆಗೆದ ದಿನ ಗ್ರಬ್‌ನ ಕಪ್ಪು ಪರದೆ ಕಾಣುವುದು ಅದರಿಂದ. ಎರಡನೆಯ ಡಿಸ್ಕಿಗೂ ದಾರಿಯಿಲ್ಲದಿದ್ದರೆ ಮಾತ್ರ ಒಂದೇ ಡಿಸ್ಕಿನ ಡ್ಯುಯಲ್ ಬೂಟ್‌ಗೆ ಇಳಿಯಿರಿ.

ಅದಕ್ಕೆ ದಿನ ಆರಿಸುವುದೂ ಮುಖ್ಯ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ಕೊಡಬೇಕಾದ ನೀವು 21ರ ನಂತರದ ಒಂದು ಶನಿವಾರ ಕೈಹಾಕಿ, ಏನಾದರೂ ಎಡವಿದರೆ ಸರಿಪಡಿಸಲು ದಿನಗಳು ಕೈಯಲ್ಲಿರಲಿ. ಹಿಂದಿನ ದಿನ ಟ್ಯಾಲಿಯೊಳಗಿನ ಬ್ಯಾಕಪ್ ಸೌಲಭ್ಯದಿಂದ ಎಲ್ಲ ಕಂಪನಿಗಳ ಪ್ರತಿ ತೆಗೆದು, ಪತ್ರಗಳ ಫೋಲ್ಡರ್ ಜೊತೆಗೆ ಹೊರಗಿನ ಡಿಸ್ಕಿಗೆ ಹಾಕಿ. ನಂತರ ಅದನ್ನು ಬೇರೊಂದು ಕಂಪ್ಯೂಟರಿಗೆ ಚುಚ್ಚಿ ಕಡತಗಳನ್ನು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಎಣಿಸುವುದಿಲ್ಲ. ವಿಂಡೋಸ್ ಮತ್ತೆ ಸ್ಥಾಪಿಸಲು ಬೇಕಾಗುವ ಪೆನ್‌ಡ್ರೈವನ್ನೂ ಈಗಲೇ ಮಾಡಿಟ್ಟುಕೊಳ್ಳಿ. ಇರುವ ಒಂದೇ ಕಂಪ್ಯೂಟರ್ ಕೆಟ್ಟು ಕೂತ ಮೇಲೆ ಅದನ್ನು ಮಾಡುವುದು ಕಷ್ಟ.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಲಿನಕ್ಸಿಗೆ 100 ಜಿಬಿ ಬಿಡಿಸಿದರೆ ನಾಲ್ಕು ವರ್ಷದ ಓದಿಗೆ ಧಾರಾಳವಾಯಿತು. ಅಲ್ಲಿ ಗಾತ್ರವನ್ನು ಎಂಬಿಯಲ್ಲಿ ಕೇಳುವುದರಿಂದ 1,02,400 ಎಂದು ಕೊಡಬೇಕು. ಸಿ ಡ್ರೈವ್ ಬಿಟ್‌ಲಾಕರ್‌ನಲ್ಲಿದ್ದರೂ ವಿಂಡೋಸ್ ಅದನ್ನು ಕುಗ್ಗಿಸಬಲ್ಲದು. ಲಿನಕ್ಸಿನ ಇನ್‌ಸ್ಟಾಲರ್ ಕುಗ್ಗಿಸಲಾರದು. ಬಿಡಿಸಿದ ಜಾಗಕ್ಕೆ ಡಿ ಎಂದೋ ಇ ಎಂದೋ ಅಕ್ಷರ ಕೊಟ್ಟು ಹೊಸ ಡ್ರೈವ್ ಮಾಡಬೇಡಿ, 'ಅನ್‌ಅಲೊಕೇಟೆಡ್' ಎಂದು ಹಾಗೆಯೇ ಬಿಡಿ. ಲಿನಕ್ಸಿನ ಹಲವು ಬಗೆಗಳಲ್ಲಿ (ಡಿಸ್ಟ್ರಿಬ್ಯೂಷನ್) ಯಾವುದು ಎಂಬ ಪ್ರಶ್ನೆಗೆ ನನ್ನ ಉತ್ತರ ಉಬುಂಟು 24.04 ಅಥವಾ ಅದನ್ನೇ ಆಧರಿಸಿದ ಲಿನಕ್ಸ್ ಮಿಂಟ್ 22. ಎರಡಕ್ಕೂ 2029ರವರೆಗೆ ಅಪ್‌ಡೇಟ್‌ಗಳಿವೆ. ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ.

ಇನ್‌ಸ್ಟಾಲರ್ ಓಡುವಾಗ ಒಂದು ಪರದೆಯಲ್ಲಿ ಮಾತ್ರ ನೀವೂ ಮಗಳ ಪಕ್ಕದಲ್ಲಿ ಕೂತಿರಿ. ಎಲ್ಲಿ ಸ್ಥಾಪಿಸಬೇಕೆಂದು ಕೇಳುವ ಆ ಪರದೆಯಲ್ಲಿ 'ಇರೇಸ್ ಡಿಸ್ಕ್' ಎಂಬ ಆಯ್ಕೆಯಿರುತ್ತದೆ. ವಿಂಡೋಸಿನ ಜೊತೆಗೆ ಸ್ಥಾಪಿಸುವ ಆಯ್ಕೆ, ಬಿಟ್‌ಲಾಕರ್ ಇರುವ ಡಿಸ್ಕಿನಲ್ಲಿ ಎಷ್ಟೋ ವೇಳೆ ಕಾಣಿಸುವುದೇ ಇಲ್ಲ. ಕಾಣಿಸದಿದ್ದಾಗ ಜನ ಬೇರೆ ದಾರಿಯಿಲ್ಲವೆಂದುಕೊಂಡು ಇರೇಸ್ ಒತ್ತುತ್ತಾರೆ. ಒಬ್ಬ ವಕೀಲರ ಲ್ಯಾಪ್‌ಟಾಪ್ ನನ್ನಲ್ಲಿಗೆ ಹಾಗೆಯೇ ಬಂದಿತ್ತು. ಅವರ ಮಗ ಒತ್ತಿದ್ದು ಆ ಒಂದು ಗುಂಡಿಯನ್ನು. ಹಳೆಯ ಹಾರ್ಡ್‌ಡಿಸ್ಕ್ ಆಗಿದ್ದರೆ ಅಳಿಸಿದ್ದರಲ್ಲಿ ಒಂದಿಷ್ಟನ್ನು ನಾವು ಹೆಕ್ಕಿ ತೆಗೆಯುತ್ತಿದ್ದೆವು. ಎಸ್‌ಎಸ್‌ಡಿಯಲ್ಲಿ ಹಾಗಾಗುವುದಿಲ್ಲ. ಲಿನಕ್ಸಿನ ಎಕ್ಸ್‌ಟ್4 ಕಡತ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡುವಾಗ ಆ ಜಾಗವೆಲ್ಲ ಇನ್ನು ಬೇಡ ಎಂಬ ಸೂಚನೆ ಡಿಸ್ಕಿಗೆ ಹೋಗುತ್ತದೆ, ಡಿಸ್ಕ್ ಅದನ್ನು ನಿಜಕ್ಕೂ ಖಾಲಿ ಮಾಡಿಬಿಡುತ್ತದೆ. ಮೂರು ದಿನ ಪ್ರಯತ್ನಿಸಿ, ಒಂದೂ ಕಡತ ಸಿಗದೆ ಅವರಿಗೆ ಲ್ಯಾಪ್‌ಟಾಪ್ ಮರಳಿಸಿದ ದಿನದಿಂದ, ಯಾರೇ ಕೇಳಿದರೂ ಈ ಪರದೆಯ ಬಗ್ಗೆ ಎರಡೆರಡು ಸಲ ಹೇಳುತ್ತೇನೆ.

ಆದ್ದರಿಂದ ಕೈಯಾರೆ ಪಾರ್ಟಿಷನ್ ಮಾಡುವ ಆಯ್ಕೆಗೆ ಹೋಗಿ. ಸಿ ಡ್ರೈವ್, ವಿಂಡೋಸಿನ ರಿಕವರಿ ಪಾರ್ಟಿಷನ್, 16 ಎಂಬಿಯ ಒಂದು ಕಾದಿಟ್ಟ ಭಾಗ, ಇಎಫ್‌ಐ, ಕೊನೆಗೆ ನೀವು ಬಿಡಿಸಿದ ಖಾಲಿ ಜಾಗ ಅಲ್ಲಿ ಕಾಣುತ್ತವೆ. ಗಾತ್ರ ನೋಡಿ ಖಾಲಿ ಜಾಗ ಗುರುತಿಸಿ, ಅದರಲ್ಲಿ ಒಂದೇ ಎಕ್ಸ್‌ಟ್4 ಪಾರ್ಟಿಷನ್ ಮಾಡಿ ಅದನ್ನು ರೂಟ್ (ಲಿನಕ್ಸಿನ ಮೂಲ ಜಾಗ) ಆಗಿ ಆರಿಸಿ. ರ‍್ಯಾಮ್‌ನ ಎರಡರಷ್ಟು ಸ್ವಾಪ್ (ವಿಂಡೋಸಿನ ಪೇಜ್ ಫೈಲ್‌ನಂಥದು) ಪಾರ್ಟಿಷನ್ ಬೇಕೆಂಬುದು ಹಳೆಯ ಸಲಹೆ. ಈಗ ಉಬುಂಟು ಸ್ವಾಪ್‌ಗೆ ಒಂದು ಕಡತವನ್ನು ತಾನೇ ಮಾಡಿಕೊಳ್ಳುತ್ತದೆ. ಇಎಫ್‌ಐ ಪಾರ್ಟಿಷನ್ ಬಹುಶಃ 100 ಅಥವಾ 260 ಎಂಬಿ ಇದ್ದೀತು, ಗ್ರಬ್‌ಗೆ ಸಾಕು. ಅದನ್ನು ಬಳಸಲು ಬಿಡಿ, ಆದರೆ ಅದರ ಮುಂದೆ ಫಾರ್ಮ್ಯಾಟ್ ಗುರುತು ಬೀಳದಂತೆ ನೋಡಿಕೊಳ್ಳಿ. ವಿಂಡೋಸನ್ನು ಎಬ್ಬಿಸುವ ಕಡತಗಳೂ ಅದರಲ್ಲೇ ಇವೆ. ಕೊನೆಯಲ್ಲಿ ಇನ್‌ಸ್ಟಾಲರ್ ತಾನು ಮಾಡಲಿರುವ ಬದಲಾವಣೆಗಳ ಪಟ್ಟಿ ತೋರಿಸುತ್ತದೆ. ಫಾರ್ಮ್ಯಾಟ್ ಎಂಬ ಮಾತು ಅಲ್ಲಿ ಹೊಸ ಎಕ್ಸ್‌ಟ್4 ಪಾರ್ಟಿಷನ್‌ನ ಎದುರು ಮಾತ್ರ ಇರಬೇಕು. ಬೇರೆಲ್ಲಿ ಕಂಡರೂ ಹಿಂದಕ್ಕೆ ಹೋಗಿ. ಆ ಪಟ್ಟಿಯನ್ನು ಒಪ್ಪುವವರೆಗೆ ಡಿಸ್ಕಿನಲ್ಲಿ ಏನೂ ಬದಲಾಗಿರುವುದಿಲ್ಲ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣಿಸದಿದ್ದರೆ ಡಿಸ್ಕನ್ನು ನಿರ್ವಹಿಸುವ ಇಂಟೆಲ್‌ನ ಆರ್‌ಎಸ್‌ಟಿ ವಿಧಾನ ಆನ್ ಇರುವುದು ಕಾರಣವಿರಬಹುದು. ಬಯಾಸ್‌ನಲ್ಲಿ ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ವಿಧಾನಕ್ಕೆ ಬದಲಿಸಿ ಎಂದು ಯಾರಾದರೂ ಹೇಳಿದರೆ ತಕ್ಷಣ ಬದಲಿಸಬೇಡಿ. ವಿಂಡೋಸನ್ನು ಮೊದಲು ಸೇಫ್ ಮೋಡ್‌ನಲ್ಲಿ ಏಳುವಂತೆ ಸಿದ್ಧಪಡಿಸದೆ ಬದಲಿಸಿದರೆ ಅದು ಬೂಟ್ ಆಗುವುದಿಲ್ಲ. ಅಲ್ಲಿಗೆ ನಿಲ್ಲಿಸಿ, ತಿಳಿದವರ ಕೈಗೆ ಕೊಡಿ. ನಂಬಿಕೆಯ ಸಹಿಯಿಲ್ಲದ ತಂತ್ರಾಂಶ ಏಳದಂತೆ ತಡೆಯುವ ಸೆಕ್ಯೂರ್ ಬೂಟನ್ನು ಆಫ್ ಮಾಡಬೇಕೆಂಬ ಸಲಹೆ ಈಗ ಹೆಚ್ಚಾಗಿ ಬೇಕಿಲ್ಲ, ಉಬುಂಟು ಅದರೊಂದಿಗೇ ಏಳುತ್ತದೆ. 2024ರ ಆಗಸ್ಟ್‌ನಲ್ಲಿ ವಿಂಡೋಸಿನ ಭದ್ರತಾ ಅಪ್‌ಡೇಟ್ ಒಂದು ಹಳೆಯ ಬೂಟ್ ತುಣುಕುಗಳನ್ನು ತಿರಸ್ಕರಿಸಿ ಹಲವು ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳದಂತಾಗಿತ್ತು, ನಿಜ. ಆಗಲೂ ವಿಂಡೋಸಿಗೆ ಧಕ್ಕೆಯಾಗಿರಲಿಲ್ಲ, ಯಾರ ಕಡತವೂ ಅದರಿಂದ ಅಳಿದಿರಲಿಲ್ಲ. ಲಿನಕ್ಸಿನ ಅಪ್‌ಡೇಟ್‌ಗಳನ್ನು ತಿಂಗಳಿಗೊಮ್ಮೆಯಾದರೂ ಹಾಕುತ್ತಿರಲು ಮಗಳಿಗೆ ಹೇಳಿ.

ಎರಡೂ ಓಡತೊಡಗಿದ ಮೇಲೆ ನಿಮ್ಮ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಬಹುದು. ಮದರ್‌ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯವಿದೆ ಎಂದು ವಿಂಡೋಸ್ ಭಾವಿಸುತ್ತದೆ, ಜಾಗತಿಕ ಸಮಯವಿದೆ ಎಂದು ಲಿನಕ್ಸ್ ಭಾವಿಸುತ್ತದೆ. ಭಾರತದಲ್ಲಿ ಇವೆರಡರ ಅಂತರ 5 ಗಂಟೆ 30 ನಿಮಿಷ. ಡಿಜಿಟಲ್ ಸಹಿಯ ಮೇಲೆ ತಪ್ಪು ಸಮಯ ಬೀಳಬಾರದಾದ್ದರಿಂದ ನಿಮಗೆ ಇದು ಸಣ್ಣ ವಿಷಯವಲ್ಲ. ಸ್ಥಳೀಯ ಸಮಯವನ್ನೇ ಬಳಸುವಂತೆ ಲಿನಕ್ಸಿಗೆ ಒಂದು ಸಾಲಿನ ಆದೇಶದಿಂದ ಹೇಳಬಹುದು. ಮಗಳು ಟರ್ಮಿನಲ್‌ನಲ್ಲಿ ಮಾಡುವ ಮೊದಲ ಉಪಯುಕ್ತ ಕೆಲಸ ಅದೇ ಆಗಲಿ.

ನಿಮ್ಮ ನುಡಿ ಪತ್ರಗಳು ವಿಂಡೋಸಿನಲ್ಲಿ ಎಂದಿನಂತೆ ತೆರೆಯುತ್ತವೆ. ಲಿನಕ್ಸಿನಲ್ಲಿ ತೆರೆದರೆ ಹಳೆಯವು ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿ ಕಾಣಬಹುದು, ಹೆದರಬೇಡಿ. ಯೂನಿಕೋಡ್‌ಗೆ ಮುಂಚಿನ ಕಡತಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸಲಾಗಿತ್ತು. ಆ ಫಾಂಟ್ ಇಲ್ಲದ ಕಡೆ ಹಾಗೆ ಕಾಣುತ್ತದೆ. ಬಿಡುವಿದ್ದಾಗ ಪರಿವರ್ತಕದಿಂದ ಅವನ್ನು ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳಿ, ಲಿನಕ್ಸ್ ಇರದಿದ್ದರೂ ಮಾಡಬೇಕಾದ ಕೆಲಸ ಇದು. ನಿಮ್ಮ ಬೆರಳಿಗೆ ರೂಢಿಯಾದ ಕಗಪ ಕೀಲಿಮಣೆ ಲಿನಕ್ಸಿನಲ್ಲಿಯೂ ಇದೆ, ಹೊಸದಾಗಿ ಕಲಿಯಬೇಕಾಗಿಲ್ಲ. ಸಿ ಡ್ರೈವನ್ನು ಮಾತ್ರ ಲಿನಕ್ಸಿನಿಂದ ತೆರೆಯುವ ಅಭ್ಯಾಸ ಮಾಡಿಕೊಳ್ಳಬೇಡಿ. ಬಿಟ್‌ಲಾಕರ್ ಉಳಿಸಿಕೊಂಡಿದ್ದರೆ ಕೀ ಹಾಕದೆ ಅದು ತೆರೆಯುವುದೂ ಇಲ್ಲ, ನಿಮ್ಮ ಲೆಕ್ಕಗಳಿಗೆ ಅದೊಂದು ಹೆಚ್ಚಿನ ಕಾವಲು. ಇಬ್ಬರ ನಡುವೆ ಕಡತ ಸಾಗಿಸಲು ಪೆನ್‌ಡ್ರೈವ್ ಸಾಕು.

ಓದು ಮುಗಿದು ಅವಳು ತನ್ನದೇ ಲ್ಯಾಪ್‌ಟಾಪ್ ಕೊಂಡ ಮೇಲೆ ಲಿನಕ್ಸನ್ನು ತೆಗೆಯಬೇಕೆನಿಸಿದರೆ, ಮೊದಲು ಬಯಾಸ್‌ನ ಪಟ್ಟಿಯಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಮೇಲಿದೆಯೇ ನೋಡಿ, ಎರಡು ಸಲ ರೀಸ್ಟಾರ್ಟ್ ಮಾಡಿ ವಿಂಡೋಸ್ ನೇರವಾಗಿ ಏಳುತ್ತದೆಂದು ಖಚಿತಪಡಿಸಿಕೊಂಡು, ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದ ಲಿನಕ್ಸಿನ ಪಾರ್ಟಿಷನ್ ಅಳಿಸಿ. ಪಕ್ಕದಲ್ಲಿ ಖಾಲಿಯಾದ ಜಾಗವನ್ನು ಸಿ ಡ್ರೈವ್‌ಗೆ ಮತ್ತೆ ಸೇರಿಸಿಕೊಳ್ಳಬಹುದು.